ಕೆಲಸವೇ ಪಾಠಶಾಲೆ

ಪಾಠಶಾಲೆಯನ್ನು ಬಿಟ್ಟೊಡನೆ ಕಲಿಕೆ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಆದರೆ ಕುಲುಮೆಯಲ್ಲಿ ತಿದಿಯೊತ್ತುವ ಹುಡುಗನು ಕಬ್ಬಿಣದ ಹದವನ್ನು ಅರಿಯುವುದು ಹಿರಿಯರ ಕೈಕೆಲಸವನ್ನು ನೋಡಿ, ಅವರ ಮಾತನ್ನು ಕೇಳಿ. ತರಗತಿಯಾಗಲಿ ಪರೀಕ್ಷೆಯಾಗಲಿ ಇಲ್ಲದ ಇಂಥ ಕಲಿಕೆಗೆ ಅನೌಪಚಾರಿಕ ಕಲಿಕೆ ಎಂದು ಹೆಸರು. ದೊಡ್ಡ ಉದ್ಯಮಗಳಲ್ಲಿಯೂ ಇದಕ್ಕೆ ಸ್ಥಾನವುಂಟು. ಅದಕ್ಕೊಂದು ನಿದರ್ಶನವನ್ನು ನೋಡೋಣ.

ಕಾಗದಪತ್ರಗಳ ಪ್ರತಿ ತೆಗೆಯುವ ಯಂತ್ರವನ್ನು ನಾವು 'ಜೆರಾಕ್ಸ್' ಎಂದೇ ಕರೆಯುತ್ತೇವೆ. ಅದು ವಾಸ್ತವವಾಗಿ ಆ ಯಂತ್ರಗಳನ್ನು ತಯಾರಿಸಿದ ಅಮೆರಿಕದ ಕಂಪನಿಯ ಹೆಸರು. ಕೆಟ್ಟ ಯಂತ್ರಗಳನ್ನು ದುರಸ್ತಿ ಮಾಡುವ ತಂತ್ರಜ್ಞರಿಗೆ ಕಂಪನಿಯು ತರಬೇತಿಯನ್ನೂ ಕೈಪಿಡಿಯನ್ನೂ ಕೊಡುತ್ತಿತ್ತು. ಇಂಥ ದೋಷ ಕಂಡರೆ ಇಂಥ ಕ್ರಮ ಕೈಗೊಳ್ಳಬೇಕೆಂದು ಕೈಪಿಡಿಯಲ್ಲಿ ವಿಧಿಸಲಾಗಿತ್ತು.

1980ರ ದಶಕದಲ್ಲಿ ಜೂಲಿಯನ್ ಓರ್ ಎಂಬ ಸಂಶೋಧಕರು ಈ ತಂತ್ರಜ್ಞರೊಡನೆ ಸಂಚರಿಸಿ ಅವರ ಕೆಲಸವನ್ನು ಪರಿಶೀಲಿಸಿದರು. ಕೈಪಿಡಿಯು ಊಹಿಸದ ತೊಡಕುಗಳು ಅವರಿಗೆ ಮತ್ತೆ ಮತ್ತೆ ಎದುರಾಗುತ್ತಿದ್ದವು. ಒಮ್ಮೆ ಯಂತ್ರವು ತೋರಿಸಿದ ದೋಷಸಂಕೇತವೇ ದಾರಿ ತಪ್ಪಿಸುವಂತಿತ್ತು. ತಂತ್ರಜ್ಞನು ತನಗಿಂತ ಹೆಚ್ಚು ಬಲ್ಲವನೊಬ್ಬನನ್ನು ಕರೆಸಿದನು. ಇಬ್ಬರೂ ತಾವು ಹಿಂದೆ ಕಂಡ ತೊಂದರೆಗಳನ್ನು ಒಂದೊಂದಾಗಿ ನೆನೆದು ಹೇಳಿಕೊಳ್ಳುತ್ತ, ಯಂತ್ರವನ್ನು ಗಂಟೆಗಟ್ಟಲೆ ಪರೀಕ್ಷಿಸುತ್ತ ಹೋಗಿ, ಕೊನೆಗೆ ನಿಜವಾದ ಕಾರಣವನ್ನು ಕಂಡುಹಿಡಿದರು. ತಂತ್ರಜ್ಞರು ಉಪಾಹಾರದ ವೇಳೆಯಲ್ಲಿಯೂ ಒಂದೆಡೆ ಸೇರಿ ಇಂಥ ಅನುಭವಗಳನ್ನು ಕಥೆಗಳಂತೆ ಹೇಳಿಕೊಳ್ಳುತ್ತಿದ್ದರು. ಒಬ್ಬನು ಪಟ್ಟ ಪಾಡು ಉಳಿದವರಿಗೆಲ್ಲ ಪಾಠವಾಗುತ್ತಿತ್ತು.

ಮೇಲ್ನೋಟಕ್ಕೆ ಇದು ಬರಿಯ ಹರಟೆ. ಕಾಲಹರಣವೆಂದು ಬಗೆದು ಆಡಳಿತವು ಇದನ್ನು ತಡೆದಿದ್ದರೆ, ಯಾವ ಕೈಪಿಡಿಯಲ್ಲಿಯೂ ಇಲ್ಲದ ಜ್ಞಾನವು ಅದನ್ನು ಗಳಿಸಿದವರೊಡನೆಯೇ ಅಳಿದುಹೋಗುತ್ತಿತ್ತು. ಕಂಪನಿಯು ಈ ಮಾತುಕತೆಯ ಬೆಲೆಯನ್ನು ಅರಿತಿತು. 1990ರ ದಶಕದಲ್ಲಿ 'ಯುರೇಕಾ' ಎಂಬ ವ್ಯವಸ್ಥೆಯು ಮೊದಲು ಫ್ರಾನ್ಸಿನಲ್ಲಿ, ಅನಂತರ ಇತರ ದೇಶಗಳಲ್ಲಿ ಆಚರಣೆಗೆ ಬಂದಿತು. ತಂತ್ರಜ್ಞನೊಬ್ಬನು ಹೊಸ ಉಪಾಯವನ್ನು ಕಂಡುಕೊಂಡರೆ ಅದನ್ನು ಬರೆದು ಕಳುಹಿಸುತ್ತಿದ್ದನು. ಅನುಭವಿಗಳಾದ ಸಹೋದ್ಯೋಗಿಗಳು ಅದನ್ನು ಪರೀಕ್ಷಿಸಿ ಒಪ್ಪಿದ ಮೇಲೆ, ಕಂಪ್ಯೂಟರಿನ ಮೂಲಕ ಅದು ಎಲ್ಲರಿಗೂ ದೊರೆಯುತ್ತಿತ್ತು. ಇದಕ್ಕೆ ಹಣದ ಬಹುಮಾನ ಕೊಡಬಹುದೆಂಬ ಸಲಹೆಯೂ ಬಂದಿತ್ತು. ಹಣವನ್ನಿತ್ತರೆ ಉಪಾಯಗಳ ಗುಣಕ್ಕಿಂತ ಸಂಖ್ಯೆಯೇ ಮುಖ್ಯವಾದೀತೆಂದು ತಂತ್ರಜ್ಞರು ಅದನ್ನು ಒಪ್ಪಲಿಲ್ಲ. ಉಪಾಯದೊಡನೆ ಅದನ್ನು ಕಂಡುಹಿಡಿದವನ ಹೆಸರಿರಲಿ, ಅಷ್ಟೇ ಸಾಕೆಂದರು.

ತರಬೇತಿಯು ಕಲಿಕೆಗೆ ತಳಹದಿಯನ್ನು ಹಾಕುತ್ತದೆ. ಅದರ ಮೇಲೆ ಕಟ್ಟಡವನ್ನು ಎಬ್ಬಿಸುವವರು ಕೆಲಸಗಾರರೇ. ಅವರು ಕಲೆತು ಮಾತನಾಡಲು ಸಮಯವನ್ನೂ, ತಿಳಿಯದುದನ್ನು ಅಳುಕಿಲ್ಲದೆ ಕೇಳಲು ಅವಕಾಶವನ್ನೂ, ತಿಳಿದುದನ್ನು ಹಂಚಿದವನಿಗೆ ಗೌರವವನ್ನೂ ಒದಗಿಸುವುದು ಆಡಳಿತದ ಹೊಣೆ. ಮುಂದೆ ನೀವು ಯಾವ ವೃತ್ತಿಯನ್ನು ಹಿಡಿದರೂ ಕೇಳಲು ನಾಚದಿರಿ, ಹೇಳಿಕೊಡಲು ಹಿಂಜರಿಯದಿರಿ. ಬಚ್ಚಿಟ್ಟ ವಿದ್ಯೆ ಒಬ್ಬನೊಡನೆ ಮುಗಿಯುತ್ತದೆ. ಹಂಚಿದ ವಿದ್ಯೆ ಹಲವರಲ್ಲಿ ಬೆಳೆಯುತ್ತದೆ.