ಚಂದ್ರಯಾತ್ರೆಯನ್ನು ನಡೆಸಿದ ಕೋಣೆ

ಮಾನವನು ಚಂದ್ರನ ಮೇಲೆ ಕಾಲಿರಿಸಿದ ಕಥೆಯನ್ನು ಕೇಳದವರು ವಿರಳ. ಆದರೆ ಆ ಯಾತ್ರೆಯನ್ನು ಭೂಮಿಯ ಮೇಲೆ ಕುಳಿತು ನಡೆಸಿದವರ ಕೋಣೆಯನ್ನು ಬಲ್ಲವರೆಷ್ಟು ಮಂದಿ? ಅಮೆರಿಕದ ಹ್ಯೂಸ್ಟನ್ ನಗರದ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ, ಕಟ್ಟಡವೊಂದರ ಮೂರನೆಯ ಅಂತಸ್ತಿನಲ್ಲಿ ಅದು ಇಂದಿಗೂ ಇದೆ.

1969ರ ಜುಲೈ 20. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ನೆಲದತ್ತ ಇಳಿಯುತ್ತಿದ್ದಾಗ ನೌಕೆಯ ಗಣಕಯಂತ್ರವು ‘1202’ ಎಂಬ ಎಚ್ಚರಿಕೆಯ ಸಂಖ್ಯೆಯನ್ನು ತೋರಿಸಿತು. ಇಳಿಯುವುದೋ, ಹಿಂದಿರುಗುವುದೋ? ಯೋಚಿಸಲು ಉಳಿದದ್ದು ಕೆಲವೇ ಕ್ಷಣ. ಈ ಕೋಣೆಯಲ್ಲಿ ಕುಳಿತಿದ್ದ 26 ವರ್ಷದ ಸ್ಟೀವ್ ಬೇಲ್ಸ್ ತಮ್ಮ ಸಹಾಯಕರ ಅಭಿಪ್ರಾಯ ಪಡೆದು, ಮುಂದುವರಿಯಬಹುದೆಂದರು. ಮರುವರ್ಷ ಅಪೊಲೊ 13ರ ಆಮ್ಲಜನಕದ ತೊಟ್ಟಿ ಸಿಡಿದಾಗ ಮೂವರು ಯಾತ್ರಿಕರನ್ನು ಜೀವಸಹಿತ ಮನೆಗೆ ತಲಪಿಸಿದ್ದೂ ಇಲ್ಲಿಂದಲೇ.

1985ರಲ್ಲಿ ಈ ಸ್ಥಳವು ರಾಷ್ಟ್ರೀಯ ಸ್ಮಾರಕವೆನಿಸಿತು. 1992ರಲ್ಲಿ ಇಲ್ಲಿನ ಕೆಲಸ ನಿಂತಿತು. ಬಿರುದು ಬಂದಿತೇ ಹೊರತು ಆರೈಕೆ ಬರಲಿಲ್ಲ. ನೆಲಗಂಬಳಿ ಸವೆಯಿತು, ಯಂತ್ರಮೇಜುಗಳ ದೀಪಗಳು ಆರಿದವು, ಗುಂಡಿಗಳು ಒಂದೊಂದಾಗಿ ಕಾಣೆಯಾದವು. ಚಂದ್ರನ ಮೇಲಿಳಿದ ದಿನ ಇಲ್ಲಿ ನಿರ್ದೇಶಕರಾಗಿದ್ದ ಜೀನ್ ಕ್ರಾಂಟ್ಸ್ ಇದನ್ನು ಕಂಡು ನೊಂದರು; ಕೋಣೆಯನ್ನು ಉಳಿಸಬೇಕೆಂದು ಪಟ್ಟು ಹಿಡಿದರು. ಸುಮಾರು 50 ಲಕ್ಷ ಡಾಲರುಗಳ ವೆಚ್ಚದಲ್ಲಿ 35 ಲಕ್ಷವನ್ನು ನೆರೆಯ ವೆಬ್‌ಸ್ಟರ್ ಎಂಬ ಪುಟ್ಟ ಪಟ್ಟಣವೇ ನೀಡಿತು.

ಕೆಲಸ ನಡೆದ ಬಗೆ ಪತ್ತೇದಾರಿ ಕಥೆಯಂತಿದೆ. ಗೋಡೆಗೆ ಅಂಟಿಸಿದ್ದ ಮೂಲ ಕಾಗದದ ತುಣುಕೊಂದು ಬೆಂಕಿ ನಂದಿಸುವ ಉಪಕರಣದ ಹಿಂದೆ ಅಡಗಿತ್ತು; ಅದನ್ನೇ ಮಾದರಿಯಾಗಿಟ್ಟು ಹೊಸ ಕಾಗದ ತಯಾರಾಯಿತು. ಯಂತ್ರಮೇಜುಗಳು ದುರಸ್ತಿಗೆಂದು ಕಾನ್ಸಾಸ್‌ವರೆಗೆ ಪ್ರಯಾಣ ಮಾಡಿದವು. ಹಳೆಯ ಛಾಯಾಚಿತ್ರಗಳನ್ನು ನೋಡಿ ಆ ಕಾಲದ ಕಾಫಿ ಲೋಟ, ಆಶ್‌ಟ್ರೇ, ಸಿಗರೇಟಿನ ಪೊಟ್ಟಣ, ಕಡತಗಳನ್ನು ಅರಸಿ ತಂದು, ಇದ್ದ ಜಾಗದಲ್ಲಿಯೇ ಇಟ್ಟರು.

ಆಶ್‌ಟ್ರೇಗೂ ಇಷ್ಟು ಮರ್ಯಾದೆಯೇ ಎಂದು ವಾಚಕರು ನಗಬಹುದು. ಆದರೆ ನಿದ್ರೆಗೆಟ್ಟು ದುಡಿದ ಮನುಷ್ಯರ ಗುರುತು ಉಳಿದಿರುವುದು ಅಂಥ ವಸ್ತುಗಳಲ್ಲಿಯೇ ಅಲ್ಲವೇ? ಬರಿಯ ಯಂತ್ರಗಳನ್ನಿಟ್ಟಿದ್ದರೆ ಅದೊಂದು ಉಗ್ರಾಣವಾಗುತ್ತಿತ್ತು.

ಮೊದಲ ಚಂದ್ರಾರೋಹಣದ ಸುವರ್ಣೋತ್ಸವಕ್ಕೆ ಮುನ್ನ, 2019ರ ಜೂನ್ 28ರಂದು ಕೋಣೆಯು ಮತ್ತೆ ತೆರೆಯಿತು. ಯಾವ ವಸ್ತು ಎಲ್ಲಿತ್ತೆಂದು ಹೇಳಲು ಅಲ್ಲಿ ದುಡಿದ ಹಿರಿಯರು ಇನ್ನೂ ಇದ್ದರು. ಆದರೆ ಈ ಕಟ್ಟಡಕ್ಕೆ ತಮ್ಮ ಹೆಸರನ್ನಿತ್ತ ಮೊದಲ ನಿರ್ದೇಶಕ ಕ್ರಿಸ್ ಕ್ರಾಫ್ಟ್ ಜುಲೈ 22ರಂದು, ಉತ್ಸವ ಮುಗಿದ ಎರಡೇ ದಿನಕ್ಕೆ, ತೀರಿಕೊಂಡರು. ಇನ್ನು ಹತ್ತು ವರ್ಷ ತಡವಾಗಿದ್ದರೆ ಕೇಳುವುದು ಯಾರನ್ನು?