ಸೂಲಗಿತ್ತಿಯರ ಕಾನೂನಾತ್ಮಕ ಸ್ಥಾನಮಾನ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ)

ರಾಜ್ಯದ ಬಹುತೇಕ ಹೆರಿಗೆಗಳು ಇಂದು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಆದರೂ ಕಾಡಂಚಿನ ಹಾಡಿಗಳು, ತೋಟದ ಮನೆಗಳು ಹಾಗೂ ವಲಸೆ ಕಾರ್ಮಿಕರ ಬಿಡಾರಗಳಂತಹ ಕಡೆಗಳಲ್ಲಿ ಮನೆ ಹೆರಿಗೆಯ ಸಂಭವ ಉಳಿದಿದೆ. ಅಂತಹ ಹೆರಿಗೆಯನ್ನು ಯಾರು ಮಾಡಿಸಬಹುದು, ಜನನವನ್ನು ಯಾರು ವರದಿ ಮಾಡಬೇಕು ಎಂಬ ಪ್ರಶ್ನೆಗಳು ಮೊದಲು ಬರುವುದು ವಾರ್ಡಿನ ಸದಸ್ಯರ ಬಳಿಗೇ. ಆದುದರಿಂದ ಈ ಕುರಿತು ಸ್ಪಷ್ಟ ತಿಳಿವಳಿಕೆ ಅವಶ್ಯ.

ಕಾನೂನು ಯಾರನ್ನು ಮಾನ್ಯ ಮಾಡುತ್ತದೆ?

ಕರ್ನಾಟಕದಲ್ಲಿ ಶುಶ್ರೂಷಕಿಯರು ಮತ್ತು ಮಿಡ್‌ವೈಫ್‌ಗಳ ನೋಂದಣಿಗೆ 1961ರ ರಾಜ್ಯ ಕಾಯ್ದೆಯಿದೆ. ಶಿಕ್ಷಣದ ಮಟ್ಟವನ್ನು 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆಯ ಅಡಿಯಲ್ಲಿ ನಿಗದಿಪಡಿಸಲಾಗುತ್ತಾ ಬಂದಿದೆ. ಇದರ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯನ್ನು ಅಂಗೀಕರಿಸಿದೆ. ನಿಗದಿತ ತರಬೇತಿ ಪಡೆದು ನೋಂದಾಯಿಸಿಕೊಂಡವರಿಗೆ ಮಾತ್ರ ಈ ವೃತ್ತಿಯ ಮಾನ್ಯತೆ ದೊರೆಯುತ್ತದೆ.

ಉಪಕೇಂದ್ರದಲ್ಲಿರುವ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ, ಅಂದರೆ ಜನರು ಎ.ಎನ್.ಎಂ. ಅಥವಾ 'ಸಿಸ್ಟರ್' ಎಂದು ಕರೆಯುವವರು, ಈ ವರ್ಗಕ್ಕೆ ಸೇರುತ್ತಾರೆ. ತೀವ್ರ ರಕ್ತಸ್ರಾವ, ಏರಿದ ರಕ್ತದೊತ್ತಡದಿಂದ ಬರುವ ನಂಜಿನಂತಹ ತುರ್ತು ಸಂದರ್ಭಗಳಲ್ಲಿ ನಿರ್ದಿಷ್ಟ ಔಷಧಗಳ ಮೊದಲ ಪ್ರಮಾಣವನ್ನು ನೀಡಿ, ತಾಯಿಯನ್ನು ಮೇಲಿನ ಆಸ್ಪತ್ರೆಗೆ ಕಳುಹಿಸಲು ಕೇಂದ್ರದ ಮಾರ್ಗಸೂಚಿಗಳು ಇವರಿಗೆ ಅನುಮತಿ ನೀಡಿವೆ. 2018ರ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿಯಂತೆ, ನೋಂದಾಯಿತ ಶುಶ್ರೂಷಕಿಯರಿಗೆ 18 ತಿಂಗಳ ಹೆಚ್ಚುವರಿ ತರಬೇತಿ ನೀಡಿ, ತೊಡಕಿಲ್ಲದ ಹೆರಿಗೆಗಳ ಸಂಪೂರ್ಣ ಹೊಣೆ ವಹಿಸುವ ವ್ಯವಸ್ಥೆಯೂ ರೂಪುಗೊಂಡಿದೆ.

ಸಂಪ್ರದಾಯದ ಸೂಲಗಿತ್ತಿಯ ಸ್ಥಾನ

ಅನುಭವದಿಂದ ಕಲಿತ ಸೂಲಗಿತ್ತಿಗೆ ಇಂತಹ ನೋಂದಣಿಯಿಲ್ಲ. ಆಕೆಯನ್ನು 'ಕುಶಲ ಹೆರಿಗೆ ಸಹಾಯಕಿ' ಎಂದು ಪರಿಗಣಿಸಲಾಗುವುದಿಲ್ಲ. ಇದರಿಂದ ಆಕೆಯ ಸೇವೆ ಹಗುರವಾಗುವುದಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ದಶಕಗಳ ಕಾಲ ಯಾವುದೇ ಪ್ರತಿಫಲವಿಲ್ಲದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದ್ದಕ್ಕಾಗಿ 2018ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. ಆದರೆ ಹೆರಿಗೆಯ ನಂತರದ ತೀವ್ರ ರಕ್ತಸ್ರಾವವು ಕೆಲವೇ ಗಂಟೆಗಳಲ್ಲಿ ತಾಯಿಯ ಜೀವ ತೆಗೆಯಬಲ್ಲದು. ಆ ಹೊತ್ತಿಗೆ ಬೇಕಾಗುವುದು ಔಷಧ, ರಕ್ತ ಮತ್ತು ಶಸ್ತ್ರಚಿಕಿತ್ಸೆ. ಇವು ಎಷ್ಟೇ ಪಳಗಿದ ಕೈಯಾದರೂ ಮನೆಯಲ್ಲಿ ಒದಗಿಸಲಾಗದವು. ನೋವು ಹೆಚ್ಚಿಸಲೆಂದು ಅನರ್ಹರು ಚುಚ್ಚುಮದ್ದು ನೀಡಿದರೆ ಗರ್ಭಕೋಶವೇ ಒಡೆಯುವ ಅಪಾಯವಿದೆ.

ಗರ್ಭಿಣಿಯರು ಸೂಲಗಿತ್ತಿಯ ಮಾತನ್ನು ನಂಬುತ್ತಾರೆ. ಆ ನಂಬಿಕೆಯನ್ನು ಆಸ್ಪತ್ರೆಯ ಕಡೆಗೆ ತಿರುಗಿಸುವುದೇ ವಿವೇಕದ ಮಾರ್ಗ. ಬೇಗ ತಪಾಸಣೆಗೆ ಕಳುಹಿಸುವುದು, ಅಪಾಯದ ಚಿಹ್ನೆ ಕಂಡೊಡನೆ ಆಶಾ ಕಾರ್ಯಕರ್ತೆಗೆ ತಿಳಿಸುವುದು, ಬಾಣಂತಿಗೆ ಧೈರ್ಯ ತುಂಬುವುದು ಮುಂತಾದ ಕಾರ್ಯಗಳಲ್ಲಿ ಆಕೆಯ ನೆರವು ಅಮೂಲ್ಯ.

ಜನನ ವರದಿಯ ಹೊಣೆ

ಜನನ ಮತ್ತು ಮರಣ ನೋಂದಣಿ ಕಾಯ್ದೆ, 1969ರಂತೆ ಮನೆಯಲ್ಲಿ ಆದ ಜನನವನ್ನು ವರದಿ ಮಾಡುವುದು ಕುಟುಂಬದ ಮುಖ್ಯಸ್ಥರ ಕರ್ತವ್ಯ. ಅದರೊಂದಿಗೆ, ಹೆರಿಗೆಗೆ ಹಾಜರಿದ್ದ ಮಿಡ್‌ವೈಫ್ ಅಥವಾ ಇತರ ಆರೋಗ್ಯ ಸಹಾಯಕರು ನೋಂದಣಾಧಿಕಾರಿಗೆ ಮಾಹಿತಿ ನೀಡಬೇಕೆಂದು 10ನೇ ಕಲಮು ವಿಧಿಸುತ್ತದೆ. 21 ದಿನಗಳೊಳಗೆ ವರದಿಯಾದರೆ ಶುಲ್ಕವಿಲ್ಲ. ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಜನಿಸಿದ ಮಕ್ಕಳ ಶಾಲಾ ಪ್ರವೇಶ ಮೊದಲಾದವುಗಳಿಗೆ ಜನನ ಪ್ರಮಾಣಪತ್ರವೇ ಆಧಾರ. ಮನೆಯಲ್ಲಿ ಹುಟ್ಟಿದ ಮಗು ದಾಖಲೆಯಿಂದ ಹೊರಗುಳಿದರೆ ಮುಂದೆ ಪಡಿಪಾಟಲು ತಪ್ಪದು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ವಾರ್ಡುವಾರು ತುಂಬು ಗರ್ಭಿಣಿಯರ ವಿವರ ಪಡೆದು, ಪ್ರತಿಯೊಬ್ಬರೂ ತಾಯಿ ಕಾರ್ಡ್ ಹೊಂದಿರುವುದನ್ನು ಖಚಿತಪಡಿಸಿಕೊಳ್ಳುವುದು.

2. ಮಳೆಗಾಲದಲ್ಲಿ ಸಂಪರ್ಕ ಕಡಿತಗೊಳ್ಳುವ ಜನವಸತಿಗಳನ್ನು ಗುರುತಿಸಿ, 108 ವಾಹನ ತಲುಪಲಾಗದ ಕಡೆ ಪರ್ಯಾಯ ವಾಹನವನ್ನು ಮುಂಚಿತವಾಗಿ ಗೊತ್ತುಪಡಿಸುವುದು.

3. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಶಸ್ತ್ರಚಿಕಿತ್ಸೆ, ಔಷಧ, ರಕ್ತ, ಊಟ ಹಾಗೂ ಸಾರಿಗೆ ಉಚಿತವೆಂಬುದನ್ನು ಗ್ರಾಮ ಸಭೆಯಲ್ಲಿ ಪ್ರಚುರಪಡಿಸುವುದು.

4. ಗ್ರಾಮದಲ್ಲಿರುವ ಸೂಲಗಿತ್ತಿಯರನ್ನು ಸಭೆಗೆ ಗೌರವದಿಂದ ಆಹ್ವಾನಿಸಿ, ಆಶಾ ಕಾರ್ಯಕರ್ತೆಯರೊಂದಿಗೆ ಕೈಜೋಡಿಸುವಂತೆ ಕೋರುವುದು.

5. ಮನೆ ಹೆರಿಗೆಯಾದಲ್ಲಿ ತಾಯಿ ಮತ್ತು ಮಗುವಿನ ತಪಾಸಣೆಗೆ ಕೂಡಲೇ ಏರ್ಪಾಡು ಮಾಡಿ, ಜನನ ನೋಂದಣಿಯಾಗುವವರೆಗೆ ಅನುಸರಣೆ ಮಾಡುವುದು. ಕುಟುಂಬವನ್ನಾಗಲಿ ಸೂಲಗಿತ್ತಿಯನ್ನಾಗಲಿ ಬೆದರಿಸಿದರೆ ಮುಂದಿನ ಹೆರಿಗೆಗಳು ಮರೆಮಾಚಲ್ಪಡುವ ಸಂಭವವಿರುವುದರಿಂದ ತಿಳಿಹೇಳುವ ಮಾರ್ಗವನ್ನೇ ಅನುಸರಿಸುವುದು ಸೂಕ್ತ.