ಫಿನ್ನಿನ ಅಂಚಿಗೊಂದು ಬೆಳ್ಳಿಗೆರೆ

ಗಾಳಿಯಿಂದ ತಂಪಾಗುವ ಮೋಟಾರ್‌ಸೈಕಲ್ ಎಂಜಿನ್ನಿನ ಹೊರಮೈಯಲ್ಲಿ ಒಂದರ ಮೇಲೊಂದರಂತೆ ಚಾಚಿಕೊಂಡಿರುವ ತೆಳುವಾದ ಲೋಹದ ಪದರಗಳಿಗೆ ಫಿನ್ ಎಂದು ಹೆಸರು. ಸಿಲಿಂಡರಿನೊಳಗೆ ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಚಲನೆಯಾಗಿ ಮಾರ್ಪಡದೆ ಗೋಡೆಗೆ ತಾಗುವ ಪಾಲನ್ನು ಹೊರಗಿನ ಗಾಳಿಗೆ ಒಪ್ಪಿಸುವುದು ಅವುಗಳ ಕೆಲಸ. ಈ ಫಿನ್‌ಗಳಿಗೆ ಕಪ್ಪು ಬಣ್ಣ ಬಳಿದು, ಆಮೇಲೆ ಅವುಗಳ ಹೊರ ಅಂಚನ್ನು ಮಾತ್ರ ತುಸುವೇ ಕಡೆದು, ಒಳಗಿನ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುವಂತೆ ಮಾಡುವ ಅಲಂಕಾರವನ್ನು ಹಾರ್ಲೆ-ಡೇವಿಡ್‌ಸನ್ ತನ್ನ ಹಲವು ಎಂಜಿನ್‌ಗಳಿಗೆ ಕಾರ್ಖಾನೆಯಲ್ಲೇ ಮಾಡಿಕೊಟ್ಟಿದೆ. ಕಾರುಗಳ ಅಲಾಯ್ ಚಕ್ರಗಳಲ್ಲಿ ಕಾಣುವ ‘ಡೈಮಂಡ್ ಕಟ್’ ಹೊಳಪೂ ಇದೇ ಬಗೆಯದು. ಹಳೆಯ ಬೈಕುಗಳನ್ನು ಬಿಚ್ಚಿ ಮತ್ತೆ ಜೋಡಿಸುವ ಹವ್ಯಾಸಿಗಳು ಮನೆಯ ಷೆಡ್ಡಿನಲ್ಲಿಯೇ ಸಣ್ಣ ಲೇತಿನಿಂದಲೋ ಬರಿಯ ಅರದಿಂದಲೋ ಇದನ್ನು ಸಾಧಿಸಬಲ್ಲರು, ಆದರೆ ಫಿನ್ನಿನ ಕೆಲಸ ಏನೆಂದು ಅರಿತವರ ಕೈಯಲ್ಲಿ ಮಾತ್ರ ಈ ಅಲಂಕಾರ ಎಂಜಿನ್ನಿಗೆ ಒಪ್ಪುತ್ತದೆ.

ಅಂಚನ್ನು ಕಡೆದರೆ ಎಂಜಿನ್ ಬಿಸಿಯೇರುವುದಿಲ್ಲವೆ ಎಂಬ ಶಂಕೆ ಸಹಜವಾದುದು. ಶಾಖವು ಫಿನ್ನಿನ ಬುಡದಿಂದ ತುದಿಯತ್ತ ಸಾಗುತ್ತ ದಾರಿಯುದ್ದಕ್ಕೂ ಗಾಳಿಗೆ ಸೇರಿಹೋಗುವುದರಿಂದ ತುದಿಯು ಬುಡಕ್ಕಿಂತ ತಣ್ಣಗಿರುತ್ತದೆ, ತಣ್ಣಗಿರುವ ಭಾಗವು ಗಾಳಿಗೆ ಕೊಡುವ ಶಾಖವೂ ಕಡಿಮೆ. ಆದಕಾರಣ ತುದಿಯಿಂದ ಮಿಲಿಮೀಟರಿನ ಒಂದು ಸಣ್ಣ ಅಂಶವನ್ನು ತೆಗೆದರೆ ಆಗುವ ನಷ್ಟ ಲೆಕ್ಕಕ್ಕೆ ಬರುವಂಥದ್ದಲ್ಲ. ಕಪ್ಪು ಮೈ ಹೊಳೆವ ಮೈಗಿಂತ ಹೆಚ್ಚು ಶಾಖವನ್ನು ವಿಕಿರಣದಿಂದ, ಅಂದರೆ ಗಾಳಿಯ ನೆರವಿಲ್ಲದೆ ಕಿರಣರೂಪದಲ್ಲಿ, ಹೊರಸೂಸುತ್ತದೆ ಎಂಬುದು ನಿಜವಾದರೂ, ಓಡುವ ಬೈಕಿನಲ್ಲಿ ಶಾಖವನ್ನು ಹೊತ್ತೊಯ್ಯುವುದು ಬಹುಮಟ್ಟಿಗೆ ಬೀಸುವ ಗಾಳಿಯೇ, ಮೇಲಾಗಿ ಎದುರುಬದುರಾಗಿರುವ ಫಿನ್‌ಗಳು ತಾವು ಸೂಸಿದ ಶಾಖದ ಬಹುಪಾಲನ್ನು ಪರಸ್ಪರ ಮರಳಿ ಪಡೆಯುತ್ತವೆ. ನಿಜವಾದ ಹಾನಿ ಬೇರೆಡೆ ಇದೆ: ಬಣ್ಣವನ್ನು ಪದರದ ಮೇಲೆ ಪದರವಾಗಿ ದಪ್ಪಗೆ ಬಳಿಯುವುದು, ಅಂದಕ್ಕೆಂದು ಫಿನ್‌ಗಳಲ್ಲಿ ರಂಧ್ರ ಕೊರೆಯುವುದು, ಅಥವಾ ಆಕಾರ ಬದಲಿಸಲು ಅವುಗಳನ್ನು ಆಳವಾಗಿ ಕತ್ತರಿಸುವುದು. ಗಾಳಿಗೆ ತೆರೆದ ಮೈಯನ್ನು ಹೀಗೆ ಮುಚ್ಚುವುದನ್ನೂ ಕಿರಿದುಗೊಳಿಸುವುದನ್ನೂ ಯಾವ ಸೌಂದರ್ಯದ ಹೆಸರಿನಲ್ಲಿಯೂ ಸಮರ್ಥಿಸಲಾಗದು.

ಯಾವ ಲೋಹ ಎಂಬುದು ಇನ್ನೊಂದು ಮುಖ್ಯ ಪ್ರಶ್ನೆ, ಕರ್ನಾಟಕದ ಹವ್ಯಾಸಿಗಳಿಗಂತೂ ಇದು ನೇರವಾಗಿ ಸಂಬಂಧಿಸಿದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ದಿ ಬೈಕುಗಳ ಪೈಕಿ ಜನಪ್ರಿಯವಾದ 250 ಸಿಸಿ ಮಾದರಿಗಳಲ್ಲಿ ಸಿಲಿಂಡರ್ ಎರಕದ ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂನದು. ಅಲ್ಯೂಮಿನಿಯಂ ಅಂಚು ಗಾಳಿ ತಾಗಿದೊಡನೆ ತನ್ನದೇ ಆಕ್ಸೈಡಿನ ತೆಳುಪದರವನ್ನು ಹೊದ್ದು ಒಳಲೋಹವನ್ನು ಕಾಯ್ದುಕೊಳ್ಳುತ್ತದೆ. ಕಬ್ಬಿಣಕ್ಕೆ ಆ ಭಾಗ್ಯವಿಲ್ಲ, ಇಂದು ಕಡೆದು ಬೆಳ್ಳಗಾಗಿಸಿದ ಅದರ ಅಂಚು ಮೊದಲ ಮಳೆಗೇ ಕೆಂಪು ತುಕ್ಕು ಹಿಡಿಯುತ್ತದೆ. ‘ಡೈಮಂಡ್ ಕಟ್’ಗೆ ಬಳಸುವ ವಜ್ರದ ಮೊನೆಯ ಉಳಿ ಕೂಡ ಕಬ್ಬಿಣಕ್ಕೆ ಸಲ್ಲದು, ಏಕೆಂದರೆ ವಜ್ರವೆಂದರೆ ಇಂಗಾಲ, ಕಡೆಯುವಾಗಿನ ಬಿಸಿಗೆ ಆ ಇಂಗಾಲವು ಕಬ್ಬಿಣದೊಳಗೆ ಸೇರಿಕೊಂಡು ಮೊನೆ ಸವೆದುಹೋಗುತ್ತದೆ. ಯೆಜ್ದಿಯ ಮಟ್ಟಿಗೆ ಹೆಡ್ಡಿನ ಫಿನ್‌ಗಳಿಗಷ್ಟೇ ಬೆಳ್ಳಿಗೆರೆ ಮೂಡಿಸಿ, ಸಿಲಿಂಡರನ್ನು ಶಾಖ ತಾಳುವ ಕಪ್ಪು ಬಣ್ಣದಲ್ಲಿಯೇ ಬಿಡುವುದು ವಿವೇಕದ ದಾರಿ.

ಕೆಲಸದ ಕಷ್ಟವೆಲ್ಲ ಇರುವುದು ಹಿಡಿತದಲ್ಲಿ. ದುಂಡು ಫಿನ್‌ಗಳ ಸಿಲಿಂಡರಾದರೆ ಅದರ ಒಳರಂಧ್ರಕ್ಕೆ ಸರಿಯಾಗಿ ಕೂರುವ ಮ್ಯಾಂಡ್ರೆಲ್, ಅಂದರೆ ನಡುದಂಡ, ಒಂದನ್ನು ಕಡೆದುಕೊಂಡು ಅದರ ಮೇಲೆ ಲೇತಿಗೆ ಏರಿಸಬಹುದು. ಚೌಕ ಫಿನ್‌ಗಳಿಗೆ ಮಿಲ್ಲಿಂಗ್ ಯಂತ್ರ ಬೇಕು, ಅದಿಲ್ಲದವರು ಅರವನ್ನು ಅಡ್ಡಲಾಗಿ ಎರಡೂ ಕೈಯಲ್ಲಿ ಹಿಡಿದು ಅಂಚಿನುದ್ದಕ್ಕೂ ಸಮನಾಗಿ ಎಳೆಯುವ ಹಳೆಯ ವಿಧಾನವನ್ನೇ ನೆಚ್ಚಬೇಕು, ತಾಳ್ಮೆಯಿಂದ ಮಾಡಿದರೆ ಅದರ ಫಲ ಯಂತ್ರದ್ದಕ್ಕೆ ಸೋಲುವುದಿಲ್ಲ. ಅಲ್ಯೂಮಿನಿಯಂ ಮೆದುವಾದ್ದರಿಂದ ಅರದ ಹಲ್ಲುಗಳಲ್ಲಿ ಸಿಕ್ಕಿಕೊಂಡು ಅಂಚಿನ ಮೇಲೆ ಗೀರು ಎಳೆಯುತ್ತದೆ. ಅರಕ್ಕೆ ಮೊದಲು ಸೀಮೆಸುಣ್ಣ ತಿಕ್ಕಿಕೊಳ್ಳುವುದು, ಯಂತ್ರದಲ್ಲಾದರೆ ಉಳಿಯ ಮೊನೆಗೆ ಸೀಮೆಎಣ್ಣೆ ಹನಿಸುವುದು ಇದಕ್ಕೆ ಪರಿಹಾರ. ಆಧಾರವಿಲ್ಲದೆ ಚಾಚಿದ ಫಿನ್ ಉಳಿ ತಾಗಿದಾಗ ಗಂಟೆಯಂತೆ ನಡುಗಿ ಅಂಚಿನಲ್ಲಿ ಅಲೆಯಲೆಯ ಗುರುತು ಬಿಡುತ್ತದೆ, ಉಳಿ ಸಿಕ್ಕಿಕೊಂಡರೆ ಮುರಿದೇಹೋಗುತ್ತದೆ; ಆದ್ದರಿಂದ ಫಿನ್‌ಗಳ ನಡುವೆ ಮರದ ಬೆಣೆಗಳನ್ನು ಅಳವಡಿಸಿ, ಒಂದು ಸಲಕ್ಕೆ 0.1 ಮಿಲಿಮೀಟರಿಗಿಂತ ಹೆಚ್ಚು ತೆಗೆಯದಂತೆ ಮುಂದುವರಿಯಬೇಕು. ಸೋರಿಕೆ ತಡೆಯುವ ಗ್ಯಾಸ್ಕೆಟ್ ಕೂರುವ ಸಮತಟ್ಟಾದ ಮೈಗೆ ಒಂದು ಗೀರು ಬಿದ್ದರೂ ಅಲ್ಲಿಂದ ಅನಿಲ ಸೋರುವುದರಿಂದ ಅದನ್ನು ಮೊದಲೇ ಹಲಗೆಯಿಂದ ಮುಚ್ಚಿಡಬೇಕು.

ಹೊಳಪಿಗಿಂತ ಹೆಚ್ಚಿನ ಶ್ರದ್ಧೆ ಬೇಕಾದುದು ತೊಳೆಯುವುದಕ್ಕೆ. ಅಂಚನ್ನು ಕೊನೆಗೆ ನುಣುಪಾಗಿಸಲು ಉಜ್ಜುವ ಎಮರಿ ಕಾಗದದಿಂದ ಉದುರುವ ಕಣಗಳು ಕಬ್ಬಿಣಕ್ಕಿಂತ ಗಟ್ಟಿ. ಎಣ್ಣೆದಾರಿಯಲ್ಲೋ ಸಿಲಿಂಡರಿನ ಗೋಡೆಯಲ್ಲೋ ಉಳಿದುಕೊಂಡರೆ ಅವು ಪಿಸ್ಟನ್ನನ್ನೂ ರಿಂಗುಗಳನ್ನೂ ಸದ್ದಿಲ್ಲದೆ ತಿಂದುಹಾಕುತ್ತವೆ. ಎಲ್ಲ ರಂಧ್ರಗಳನ್ನೂ ಮೊದಲೇ ಮುಚ್ಚಿ, ಕೆಲಸ ಮುಗಿದ ಮೇಲೆ ಬಿಸಿನೀರು ಸಾಬೂನಿನಿಂದ ಬ್ರಷ್ ಹಾಕಿ ತೊಳೆದು, ಒಣಗಿದೊಡನೆ ಕಬ್ಬಿಣದ ಒಳಗೋಡೆಗೆ ಎಣ್ಣೆ ಸವರಬೇಕು. ಮಂಗಳೂರು, ಉಡುಪಿಯಂಥ ಕರಾವಳಿಯ ಉಪ್ಪುಗಾಳಿಯಲ್ಲಿ ಬರಿಯ ಅಲ್ಯೂಮಿನಿಯಂ ಅಂಚು ಬಿಳಿ ಪುಡಿಗಟ್ಟುವುದರಿಂದ ಅಲ್ಲಿ ಶಾಖ ತಾಳುವ ಪಾರದರ್ಶಕ ಲ್ಯಾಕರ್ ಲೇಪನ ಬೇಕಾಗುತ್ತದೆ. ಒಳನಾಡಿನಲ್ಲಿ ಆಗಾಗ ಒರೆಸಿಕೊಂಡರೆ ಸಾಕು.

ಮೈಸೂರಿನ ಕಾರ್ಖಾನೆಯ ಮೂಲ ಹೆಡ್ಡುಗಳು ಹೊಸದಾಗಿ ಎರಕಗೊಳ್ಳುತ್ತಿಲ್ಲ; ಕೆಟ್ಟರೆ ಹಳೆಯದನ್ನೇ ಹುಡುಕಬೇಕು. ಈ ಕೆಲಸಕ್ಕೆ ಮನಸ್ಸು ಮಾಡುವವರು ಗುಜರಿಯಿಂದ ಒಡೆದ ಹೆಡ್ಡೊಂದನ್ನು ತಂದು, ಅದರ ಎಲ್ಲ ಅಂಚುಗಳೂ ಒಂದೇ ಸಮನೆ ಹೊಳೆಯುವವರೆಗೆ ಕೈ ಪಳಗಿಸಿಕೊಂಡು, ಅನಂತರವೇ ತಮ್ಮ ಬೈಕಿನ ಎಂಜಿನ್ ಬಿಚ್ಚಲಿ.